ಹೊಲಿದವನ ನಂಬರು

ನಾನು ದರ್ಜಿ. ಸೈನ್ಯಕ್ಕೆ ಸೇರಿದ್ದೂ ದರ್ಜಿಯಾಗಿಯೇ. ಹದಿನಾಲ್ಕು ವರ್ಷ ಸಿಪಾಯಿಗಳ ಪ್ಯಾಂಟು ಬಿಗಿ ಮಾಡಿದೆ, ಸಾಹೇಬರುಗಳ ಪ್ಯಾಂಟು ಸಡಿಲ ಮಾಡಿದೆ. ಯುದ್ಧ ಶುರುವಾದಾಗಲೂ ನನ್ನ ಕೈಯಲ್ಲಿ ಇದ್ದದ್ದು ಕತ್ತರಿ. ಹಾಗಿದ್ದೂ ನಮ್ಮ ಇಡೀ ಸೈನ್ಯದಲ್ಲಿ ಯುದ್ಧಾಪರಾಧಿ ಎಂದು ಹೆಸರು ಪಡೆದವನು ನಾನೊಬ್ಬನೇ. ಬಾಂಬು ಹಾಕಿದವರಿದ್ದಾರೆ, ಊರಿಗೆ ಊರೇ ಸುಟ್ಟವರಿದ್ದಾರೆ. ಅವರಿಗೆಲ್ಲ ಪದಕ ಬಂತು. ಆ ಪದಕದ ಪಟ್ಟಿಗಳನ್ನು ಅವರ ಅಂಗಿಗಳಿಗೆ ಹೊಲಿದುಕೊಟ್ಟವನೂ ನಾನೇ.

ನನಗೆ ಶಿಕ್ಷೆ ಆಗಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಧ್ಯದಲ್ಲಿ ಯಾರಾದರೂ ಎದ್ದು, ಪಾಪ ಇವನದೇನು ತಪ್ಪು ಎಂದು ಕಣ್ಣೊರೆಸಿಕೊಳ್ಳುವುದು ನನಗೆ ಬೇಡ. ತಪ್ಪು ನನ್ನದಿದೆ. ನನ್ನ ಪಾಲಿನದು ನನ್ನದು. ಎಲ್ಲರ ಪಾಲನ್ನೂ ಒಟ್ಟು ಮಾಡಿ ನನ್ನ ತಲೆಗೆ ಕಟ್ಟಿದರಲ್ಲ, ಮಾತು ಅದರದ್ದು.

ಯುದ್ಧದ ಎರಡನೆಯ ವರ್ಷ ನಮ್ಮ ತುಕಡಿಗೆ ಕೈದಿಗಳನ್ನು ಕಾಯುವ ಕೆಲಸ ಬಿತ್ತು. ಊರ ಹೊರಗೆ ಒಂದು ಹಳೆಯ ಗೋದಾಮು. ತಗಡಿನ ಮಾಡು, ಸಿಮೆಂಟಿನ ನೆಲ. ಒಂದು ಮೂಲೆಯಲ್ಲಿ ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಗಾಜಿನ ಕಿಟಕಿಯ ಕಚೇರಿ. ಹಿಂದೆ ಅಲ್ಲಿ ಮ್ಯಾನೇಜರು ಕೂತು ಕೆಳಗೆ ಮೂಟೆ ಹೊರುವವರನ್ನು ನೋಡುತ್ತಿದ್ದನಂತೆ. ಈಗ ನಮ್ಮ ದೊಡ್ಡ ಸಾಹೇಬರು ಕೂತರು. ಕೆಳಗೆ ಶತ್ರು ಸೈನ್ಯದ ನೂರ ಎಂಬತ್ತು ಜನ. ಪಕ್ಕದ ತೂಕದ ಕೋಣೆಯಲ್ಲಿ ನಾನು ಮತ್ತು ನನ್ನ ತುಳಿಯುವ ಮೆಷಿನ್ನು.

ಒಂದು ಬೆಳಿಗ್ಗೆ ಹವಾಲ್ದಾರ ಎರಡು ಸುರುಳಿ ಡೇರೆ ಬಟ್ಟೆ ತಂದು ನನ್ನ ಮುಂದೆ ಎಸೆದ. ನಲವತ್ತು ಚೀಲ ಬೇಕು, ಬಾಯಿಗೆ ಲಾಡಿ ಇರಬೇಕು, ನಾಳಿದ್ದು ಸಂಜೆಯೊಳಗೆ ಆಗಬೇಕು ಎಂದ. ಯಾವ ದರ್ಜಿಯಾದರೂ ಕೇಳುವುದನ್ನೇ ನಾನು ಕೇಳಿದೆ. ಒಳಗೆ ಏನು ತುಂಬುತ್ತೀರಿ?

"ತಲೆ," ಎಂದ.

ತಮಾಷೆ ಇರಬೇಕೆಂದು ಅವನ ಮುಖ ನೋಡಿದೆ. ತಮಾಷೆಯಲ್ಲ. ಆಗ ನಾನು ಬಟ್ಟೆಯನ್ನು ಅವನ ಕಡೆಗೇ ತಳ್ಳಬಹುದಿತ್ತು. ತಳ್ಳಲಿಲ್ಲ. ಹದಿನಾಲ್ಕು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಮುಂದಿನ ಮಾತನ್ನು ಕೇಳಿಬಿಟ್ಟಿತು.

"ಅಳತೆ ಎಷ್ಟು ಸಾರ್?"

ಹವಾಲ್ದಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡು ದಿನ ಊಟದ ಸಾಲಿನಲ್ಲಿ ಇದೇ ಕಥೆ. ನಾನು ತಟ್ಟೆ ಹಿಡಿದು ಬಂದರೆ ಸಾಕು, ಯಾರಾದರೂ ತಲೆ ಮುಂದೆ ಚಾಚಿ, ಅಳತೆ ತಗೊಳ್ಳಪ್ಪ ಎನ್ನುವರು. ನಾನೂ ಹಲ್ಲು ಕಿರಿಯುತ್ತಿದ್ದೆ. ನಗಿಸುವವನಿಗೆ ಸಾರು ಸ್ವಲ್ಪ ಜಾಸ್ತಿ ಬೀಳುತ್ತಿತ್ತು.

ಅಳತೆ ಕೊಡುವವರು ಯಾರೂ ಇಲ್ಲ. ಟೇಪನ್ನು ನನ್ನ ತಲೆಗೇ ಸುತ್ತಿ ನೋಡಿದೆ. ಇಪ್ಪತ್ತೆರಡು ಇಂಚು. ಎರಡು ಇಂಚು ಸಡಿಲ ಬಿಟ್ಟೆ. ಕತ್ತರಿಸಿ ಒಂದನ್ನು ಹೊಲಿದು ತಲೆಗೆ ಹಾಕಿಕೊಂಡೆ. ಕತ್ತಲೆ, ಕತ್ತಿನ ಹತ್ತಿರ ಮಾತ್ರ ಒಂದು ಸೀಳು ಬೆಳಕು. ಬಟ್ಟೆಗೆ ಬಳಿದಿದ್ದ ಮೇಣದ ವಾಸನೆ. ನಾಲ್ಕು ಸಲ ಉಸಿರು ಎಳೆದೆ, ಐದನೆಯದು ಬರಲಿಲ್ಲ. ಕಿತ್ತು ಎಸೆದೆ. ಆಮೇಲೆ ಒಂದು ಬುದ್ಧಿವಂತಿಕೆ ಮಾಡಿದೆ. ಮೂಗು ಬರುವ ಕಡೆ ನಾಲ್ಕು ತೂತು ಮಾಡಿ, ಗುಂಡಿ ತೂತಿಗೆ ಹೊಲಿಯುವ ಹಾಗೆ ಸುತ್ತ ಕಾಜ ಹೊಲಿದೆ. ಕಾಜ ಹೊಲಿಯುವುದನ್ನು ನನಗೆ ಕಲಿಸಿದ್ದು ಅಮ್ಮ. ಮೂವತ್ತು ವರ್ಷ ಸಮವಸ್ತ್ರದ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜ ಹೊಲಿದ ಕೈ ಅವಳದು.

ನಲವತ್ತೂ ಮುಗಿದವು. ಮಾರನೆಯ ದಿನ ನಲವತ್ತೂ ವಾಪಸು ಬಂದವು. ದೊಡ್ಡ ಸಾಹೇಬರು ನೋಡಿದರಂತೆ. ಇದೇನು ಮದುವೆಗೆ ಹೊಲಿದಿದ್ದಾನಾ, ತೂತು ಮುಚ್ಚಲು ಹೇಳು ಎಂದರಂತೆ. ಹವಾಲ್ದಾರ ಹೇಳಿದ. ನೂರ ಅರವತ್ತು ತೂತು ಮುಚ್ಚಿದೆ, ಒಂದೊಂದಕ್ಕೂ ಎರಡೆರಡು ಸುತ್ತು ಹೊಲಿಗೆ. ಡೇರೆ ಬಟ್ಟೆಗೆ ಸೂಜಿ ತಡೆಯುವುದಿಲ್ಲ. ಏಳು ಸೂಜಿ ಮುರಿದವು, ಒಂದು ನನ್ನ ಹೆಬ್ಬೆರಳಿನ ಉಗುರಿನೊಳಗೇ ಮುರಿಯಿತು. ಅದನ್ನು ಇಕ್ಕಳದಿಂದ ಎಳೆದು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ತುಳಿದೆ. ಏಕೆ ಮುಚ್ಚಬೇಕು ಎಂದು ನಾನು ಉಸಿರೆತ್ತಲಿಲ್ಲ.

ಕೊನೆಗೆ ಚೀಟಿ. ನಮ್ಮಲ್ಲಿ ಹೊಲಿದ ಪ್ರತಿಯೊಂದಕ್ಕೂ ಒಳಗಡೆ ಹೊಲಿದವನ ನಂಬರಿನ ಬಟ್ಟೆ ಚೀಟಿ ಇರಬೇಕು. ಹಿಂದೊಮ್ಮೆ ಪೆರೇಡಿನಲ್ಲಿ ಯಾರೋ ದೊಡ್ಡವರು ಕುದುರೆ ಏರುವಾಗ ಅವರ ಪ್ಯಾಂಟು ಹಿಂದುಗಡೆ ಬಿರಿದಿತ್ತು. ಹೊಲಿದವನು ಸಿಕ್ಕಲಿಲ್ಲ. ಅಂದಿನಿಂದ ಈ ನಿಯಮ. ನನ್ನ ನಂಬರು ಒಂದು ಸಾವಿರದ ನೂರ ನಲವತ್ತಮೂರು. ಚೀಲಗಳಿಗೂ ಚೀಟಿ ಬೇಕಾ ಎಂದು ಯಾರನ್ನೂ ಕೇಳಲಿಲ್ಲ. ನಿಯಮ ಅಂದರೆ ನಿಯಮ. ನಲವತ್ತಕ್ಕೂ ನೆಟ್ಟಗೆ, ನಾಲ್ಕೂ ಅಂಚು ಮಡಿಚಿ ಹೊಲಿದೆ. ನನ್ನ ಕೆಲಸದಲ್ಲಿ ಅಚ್ಚುಕಟ್ಟು ಜಾಸ್ತಿ.

ಹೊಲಿದು ಕೊಟ್ಟ ಮೇಲೆ ನನ್ನ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಾಯುವವರಲ್ಲಿ ಅರ್ಧ ಜನರನ್ನು ಗಡಿಗೆ ಎಳೆದುಕೊಂಡರು. ಉಳಿದವರು ನಾವು: ಅಡುಗೆಯವ, ಕ್ಷೌರಿಕ, ಬೂಟು ರಿಪೇರಿಯವ, ದರ್ಜಿ. ನಮ್ಮ ಕೈಗೆ ಲಾಠಿ ಕೊಟ್ಟು ಒಳಗೆ ಬಿಟ್ಟರು. ನನ್ನ ಪಾಳಿ ಮಧ್ಯಾಹ್ನದಿಂದ ಸಂಜೆ ಏಳರವರೆಗೆ.

ಏನು ಮಾಡಬೇಕು ಎಂದು ಯಾರೂ ಬರೆದುಕೊಡಲಿಲ್ಲ. ಮೆಟ್ಟಿಲ ಮೇಲೆ ನಿಂತು ದೊಡ್ಡ ಸಾಹೇಬರು ಹೇಳಿದ್ದು ಇಷ್ಟೇ. ಇವರನ್ನು ಮಾತಾಡಿಸುವುದಿದೆ, ಅದಕ್ಕೆ ಮುಂಚೆ ಸ್ವಲ್ಪ ಮೆತ್ತಗೆ ಮಾಡಿ. ಮೆತ್ತಗೆ ಮಾಡುವುದು ಹೇಗೆ ಎಂದು ಹವಾಲ್ದಾರ ತೋರಿಸಿಕೊಟ್ಟ. ಚೀಲ ಹಾಕು, ಲಾಡಿ ಎಳೆದು ಕತ್ತಿನ ಹಿಂದೆ ಗಂಟು ಹಾಕು, ಗೋಡೆಗೆ ಮುಖ ಮಾಡಿ ನಿಲ್ಲಿಸು, ಕೈ ಮೇಲೆತ್ತಿಸು. ಕೂತರೆ ಎಬ್ಬಿಸು. ಇಷ್ಟೇ. ಹೊಡೆಯಬಾರದು, ಗಾಯ ಕಾಣುತ್ತದೆ.

ನಿಂತವನು ಎರಡು ಗಂಟೆ ಕಳೆದರೆ ನಡುಗುತ್ತಾನೆ. ನಾಲ್ಕು ಗಂಟೆ ಕಳೆದರೆ ಮೊಣಕಾಲು ಬಗ್ಗುತ್ತದೆ. ಆಗ ಕಂಕುಳಿಗೆ ಕೈ ಹಾಕಿ ಎತ್ತಬೇಕು. ಎತ್ತಿ ನೋಡಿದವರಿಗೇ ಗೊತ್ತು, ಕೈಕಾಲು ಬಿಟ್ಟುಬಿಟ್ಟ ಮನುಷ್ಯ ಎರಡು ಮೂಟೆ ಭಾರ. ಬೆವರು, ಉಚ್ಚೆ, ವಾಂತಿ ಎಲ್ಲ ನಮ್ಮ ಮೈಗೇ. ಒಬ್ಬನನ್ನು ನೇರ ಮಾಡುವಷ್ಟರಲ್ಲಿ ಮೂರನೆಯವನು ಜಾರುತ್ತಿದ್ದ. ಏಳು ಗಂಟೆಗೆ ಪಾಳಿ ಮುಗಿಸಿ ಹೋಗಿ ಮತ್ತೆ ಸೂಜಿಗೆ ದಾರ ಪೋಣಿಸಿ ಕೂರುತ್ತಿದ್ದೆ.

ನೀರು ಕುಡಿಸುವುದೂ ನನ್ನ ಕೆಲಸ. ದಿನಕ್ಕೆ ಎರಡು ಸಲ ಗಂಟು ಬಿಚ್ಚಿ, ಚೀಲ ತೆಗೆದು, ತಂಬಿಗೆ ಬಾಯಿಗೆ ಹಿಡಿಯಬೇಕು. ಚೀಲ ತೆಗೆದಾಗ ಅವರ ಕಣ್ಣಿಗೆ ಬೀಳುತ್ತಿದ್ದದ್ದು ನನ್ನ ಮುಖ. ಮೇಲಿನ ಕಿಟಕಿಯಲ್ಲಿ ಯಾರೂ ಇಲ್ಲದಿದ್ದರೆ ಗಂಟು ಸ್ವಲ್ಪ ಸಡಿಲ ಕಟ್ಟುತ್ತಿದ್ದೆ. ದೊಡ್ಡ ಸಾಹೇಬರ ಎಡಗಾಲಿನ ಬೂಟು ಕಿರ್ರ್ ಎನ್ನುತ್ತಿತ್ತು, ರಿಪೇರಿಯವ ಎಷ್ಟು ಎಣ್ಣೆ ಹಾಕಿದರೂ ಹೋಗಿರಲಿಲ್ಲ. ಕಬ್ಬಿಣದ ಮೆಟ್ಟಿಲ ಮೇಲೆ ಆ ಕಿರ್ರ್ ಕೇಳಿದರೆ ಓಡಿ ಹೋಗಿ ಎಲ್ಲರ ಗಂಟನ್ನೂ ಮತ್ತೆ ಬಿಗಿ ಮಾಡುತ್ತಿದ್ದೆ. ನಾನು ಒಳ್ಳೆಯವನು ಎಂದು ಹೇಳಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಸಡಿಲ ಮಾಡಿದ್ದೂ ಇದೇ ಕೈ, ಬಿಗಿದದ್ದೂ ಇದೇ ಕೈ.

ಅವರಲ್ಲಿ ಒಬ್ಬ ಉದ್ದನೆಯವನಿದ್ದ. ಅವನ ದೇಶದಲ್ಲಿ ಬಸ್ಸು ಓಡಿಸುತ್ತಿದ್ದನಂತೆ. ಒಂದು ಮಧ್ಯಾಹ್ನ ಸಾಹೇಬರು ಕೆಳಗಿಳಿದು ಬಂದು ಅವನ ಹಿಂದೆ ನಿಂತರು. ನಾನು ಗಂಟು ಎಳೆದೆ. ಇನ್ನೂ ಎಂಬಂತೆ ಅವರು ಬೆರಳಾಡಿಸಿದರು. ಇನ್ನೂ ಎಳೆದೆ. ಅವನ ಗಂಟಲಿನಿಂದ ಒಂದು ಸದ್ದು ಬಂತು, ನೀರು ಹೋಗದ ಬಚ್ಚಲಿನಂತೆ. ಕಂಕುಳಿಗೆ ಕೈ ಹಾಕಲು ಹೋದೆ. ಸಾಹೇಬರು ತಲೆಯಾಡಿಸಿ ಬೇಡ ಎಂದರು. ಅವನು ನೆಟ್ಟಗೆ ಮರ ಬಿದ್ದ ಹಾಗೆ ಮುಖ ಕೆಳಗಾಗಿ ಸಿಮೆಂಟಿನ ಮೇಲೆ ಬಿದ್ದ. ಬೂಟು ಕಿರ್ರ್ ಎನ್ನುತ್ತ ಮೆಟ್ಟಿಲು ಹತ್ತಿ ಹೋಯಿತು. ಚೀಲ ಕಿತ್ತು ತೆಗೆದವನು ನಾನು. ಒಳಗಿನಿಂದ ರಕ್ತದ ಜೊತೆ ನಾಲ್ಕು ಹಲ್ಲು ನನ್ನ ಅಂಗೈಗೆ ಬಿದ್ದವು. ಅವನು ಕಣ್ಣು ಬಿಟ್ಟು ನನ್ನನ್ನು ನೋಡಿದ.

ಯುದ್ಧ ನಿಂತಿತು. ಯಾರು ಗೆದ್ದರು ಎಂದು ಎರಡೂ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತು, ಎರಡೂ ಕಡೆಯವರು ತಾವೇ ಎಂದರು. ಕೈದಿಗಳ ಅದಲುಬದಲು ಆಯಿತು. ಉದ್ದನೆಯವನು ಹೋಗುವಾಗ ಒಂದು ಚೀಲವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಹೋದ. ತಿಂಗಳೊಳಗೆ ಆ ಚೀಲದ ಚಿತ್ರ ಹೊರದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಒಳಗಿನ ಚೀಟಿಯ ದೊಡ್ಡ ಚಿತ್ರವೂ ಬಂತು. ನಂಬರು ಸ್ಪಷ್ಟವಾಗಿ ಓದಬಹುದಿತ್ತು. ಹೊಲಿಗೆ ಅಷ್ಟು ಅಚ್ಚುಕಟ್ಟು.

ಇದನ್ನು ನಮ್ಮ ಸೈನ್ಯ ಸಹಿಸುವುದಿಲ್ಲ ಎಂದು ಮೇಲಿನವರು ಹೇಳಿಕೆ ಕೊಟ್ಟರು. ವಿಚಾರಣೆ ಶುರುವಾಯಿತು. ಗೋದಾಮಿನಲ್ಲಿ ಆಗ ಒಟ್ಟು ಎಪ್ಪತ್ತು ಜನ ಕೆಲಸ ಮಾಡಿದ್ದೆವು. ಬಟ್ಟೆ ತರಿಸಿದ್ದಕ್ಕೆ ಕಾಗದವಿಲ್ಲ. ಚೀಲ ಬೇಕೆಂದಿದ್ದಕ್ಕೆ ಕಾಗದವಿಲ್ಲ. ಮೆತ್ತಗೆ ಮಾಡಿ ಎಂದಿದ್ದಕ್ಕೆ ಕಾಗದವಿಲ್ಲ. ಹವಾಲ್ದಾರನಿಗೆ ವರ್ಗವಾಗಿ ಹೋಗಿತ್ತು, ಎಲ್ಲಿಗೆ ಎಂದು ಕೇಳಿದರೆ ಅದು ಗುಟ್ಟಂತೆ. ನೆಲ ಬಗೆದು ನೋಡಿದರೂ ಸಿಕ್ಕಿದ್ದು ಒಂದೇ ಬರಹ, ಒಂದು ಸಾವಿರದ ನೂರ ನಲವತ್ತಮೂರು. ನನ್ನನ್ನು ಮೆಷಿನ್ನಿನ ಮುಂದಿನಿಂದಲೇ ಎಬ್ಬಿಸಿಕೊಂಡು ಹೋದರು.

ನನಗೆ ಒಬ್ಬ ವಕೀಲರನ್ನೂ ಕೊಟ್ಟರು. ಅವರೂ ಸಮವಸ್ತ್ರದವರೇ, ದೊಡ್ಡ ಸಾಹೇಬರ ಕೈಕೆಳಗೆ ಹಿಂದೆ ಕೆಲಸ ಮಾಡಿದವರು. ಒಳ್ಳೆಯ ಮನುಷ್ಯ. ನನ್ನ ಹೆಂಡತಿಯನ್ನೂ ಲಾಕಪ್ಪಿಗೆ ಕರೆಸಿ, ಕುರ್ಚಿ ಹಾಕಿಸಿ, ಒಂದು ಕಾಗದ ಮುಂದಿಟ್ಟರು. ಟೈಪು ಮಾಡಿ ತಂದಿದ್ದರು. ಕೈದಿಗಳಿಗೆ ಚೀಲ ಹಾಕುವ ಯೋಚನೆಯನ್ನು ನಾನು ನನ್ನ ಸ್ವಂತ ಬುದ್ಧಿಯಿಂದ ಮಾಡಿದೆ, ಮೇಲಿನವರಿಗೆ ಇದರ ಸುಳಿವು ಇರಲಿಲ್ಲ, ಕ್ಷಮಿಸಬೇಕು. ಇದನ್ನು ಕೋರ್ಟಿನಲ್ಲಿ ಓದಿದರೆ ಒಂದು ವರ್ಷ. ನಾವಿದ್ದ ಸೈನ್ಯದ ಕ್ವಾರ್ಟರ್ಸು ಹೆಂಡತಿಗೂ ಅಮ್ಮನಿಗೂ ಹಾಗೇ ಉಳಿಯುತ್ತದೆ. ಓದದಿದ್ದರೆ ಆರು ವರ್ಷ. ಮನೆ ಖಾಲಿ ಮಾಡಬೇಕು.

ಸ್ವಂತ ಬುದ್ಧಿ ಎಂಬ ಎರಡು ಮಾತಿನ ಮೇಲೆ ನನ್ನ ಕಣ್ಣು ನಿಂತಿತು. ಒಮ್ಮೆ ಖಾಕಿ ಗುಂಡಿ ಮುಗಿದಿತ್ತೆಂದು ಸ್ವಂತ ಬುದ್ಧಿಯಿಂದ ಒಂದು ಕಂದು ಗುಂಡಿ ಹಾಕಿದ್ದಕ್ಕೆ ನನ್ನನ್ನು ಮೂರು ದಿನ ಕೂಡಿಹಾಕಿದ್ದರು. ನಿನಗೆ ಯೋಚನೆ ಮಾಡು ಅಂದವರು ಯಾರು ಎಂದು ಕೇಳಿದ್ದರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ನನಗೂ ಬುದ್ಧಿ ಇದೆ ಎಂದು ಸೈನ್ಯ ಒಪ್ಪಿಕೊಂಡಿದ್ದು ಇದೇ ಮೊದಲು.

ಹೆಂಡತಿ ಕಾಗದವನ್ನು ಎರಡು ಸಲ ಓದಿದಳು. ಕ್ವಾರ್ಟರ್ಸು ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಹಿಂದುಗಡೆ ನಲ್ಲಿ. ಆ ನಲ್ಲಿಗಾಗಿ ಅವಳು ಒಂಬತ್ತು ವರ್ಷ ಕಾದಿದ್ದಳು.

"ಓದ್ಬಿಡಿ," ಎಂದಳು. "ನಿಮ್ಮ ಬುದ್ಧಿ ಬಗ್ಗೆ ನಂಗೆ ಗೊತ್ತು. ಅವ್ರು ಏನು ಬೇಕಾದ್ರೂ ಬರ್ಕೊಳ್ಳಲಿ. ಅತ್ತೇನ ಈ ವಯಸ್ಸಲ್ಲಿ ನಾನು ಎಲ್ಲಿ ಕರ್ಕೊಂಡು ಹೋಗ್ಲಿ?"

ಸರಿ ಎಂದೆ. ವಕೀಲರು ಬೆನ್ನು ತಟ್ಟಿದರು. ಆರು ರಾತ್ರಿ ಕಾಗದವನ್ನು ಬಾಯಿಪಾಠ ಮಾಡಿದೆ. ಒಂದು ವರ್ಷ ಎಷ್ಟರ ಮಾತು, ಹೇಗೂ ಕಟ್ಟಿದವನು ನಾನೇ ತಾನೆ ಎಂದು ನನಗೆ ನಾನೇ ಹೇಳಿಕೊಂಡೆ.

ಕೋರ್ಟು ಎಂದರೆ ದೊಡ್ಡದೊಂದು ಹಾಲ್. ಉದ್ದ ಮೇಜಿಗೆ ಹಸಿರು ಬಟ್ಟೆ ಹೊದಿಸಿ ಅದರ ಹಿಂದೆ ಐದು ಜನ ಅಧಿಕಾರಿಗಳು ಕೂತಿದ್ದರು. ಆ ಬಟ್ಟೆಯ ಅಂಚನ್ನು ಯಾರೋ ಕೈಲಾಗದವನು ಮಡಿಚಿದ್ದ, ದಾರ ಜೋತಾಡುತ್ತಿತ್ತು. ಮುಂದಿನ ಸಾಲಿನಲ್ಲಿ ಸಾಕ್ಷಿ ಹೇಳಲು ಬಂದ ಅಧಿಕಾರಿಗಳು, ಅವರ ನಡುವೆ ನಮ್ಮ ದೊಡ್ಡ ಸಾಹೇಬರು. ಕೊನೆಯ ಬೆಂಚಿನಲ್ಲಿ ಹೆಂಡತಿ ಮತ್ತು ಅಮ್ಮ. ಸರ್ಕಾರಿ ವಕೀಲರು ಚೀಲವನ್ನು ಎತ್ತಿ ಹಿಡಿದರು. ವಿಚಾರಣೆಯಲ್ಲಿ ನಾನೇ ಹೇಳಿದ್ದನ್ನು ಹಿಡಿದು, ಆರೋಪಿ ತನ್ನ ತಲೆಯ ಅಳತೆಯನ್ನೇ ಇಟ್ಟು ಹೊಲಿದಿದ್ದಾನೆ, ಎಷ್ಟು ಮುಂದಾಲೋಚನೆ ನೋಡಿ ಎಂದರು. ತೂತು ಮಾಡಿ ಆಮೇಲೆ ಮುಚ್ಚಿದ್ದಾನೆ, ಎಂಥ ಕಲ್ಲು ಹೃದಯ ನೋಡಿ ಎಂದರು. ಮೊದಲನೆಯದಕ್ಕೆ ನನಗೆ ನಗು ಬಂತು. ಎರಡನೆಯದಕ್ಕೆ ತಲೆ ತಗ್ಗಿಸಿದೆ.

ಆಮೇಲೆ ಉದ್ದನೆಯವನನ್ನು ಕರೆದರು. ಅವನ ದೇಶ ಅವನನ್ನು ಸಾಕ್ಷಿಗೆ ಕಳಿಸಿತ್ತು, ಜೊತೆಗೆ ಅವನ ಮಾತನ್ನು ನಮಗೂ ನಮ್ಮ ಮಾತನ್ನು ಅವನಿಗೂ ಹೇಳುವ ಒಬ್ಬ ದುಭಾಷಿ. ಬಾಯಲ್ಲಿ ಕಟ್ಟಿಸಿದ ಹಲ್ಲು, ಇನ್ನೂ ಕೂತಿಲ್ಲ, ಮಾತಾಡಿದರೆ ಅಲುಗುತ್ತಿತ್ತು. ನಿನಗೆ ಹಿಂಸೆ ಕೊಟ್ಟವನನ್ನು ಗುರುತಿಸು ಎಂದರು.

ಅವನು ಯಾರ ಮುಖವನ್ನೂ ನೋಡಲಿಲ್ಲ. ಮೊಣಕಾಲೂರಿ ಕೂತು, ಬಗ್ಗಿ, ಮುಂದಿನ ಸಾಲಿನ ಬೂಟುಗಳನ್ನು ನೋಡತೊಡಗಿದ. ಕೂತವರಲ್ಲಿ ಯಾರೋ ಕಿಸಕ್ಕೆಂದರು. ಅವನು ಹಾಗೆಯೇ ಮೊಣಕಾಲ ಮೇಲೆ ಒಂದೊಂದೇ ಜೋಡಿಯ ಮುಂದೆ ಸರಿದ. ನನಗೆ ತಕ್ಷಣ ಅರ್ಥವಾಯಿತು. ಆ ಚೀಲವನ್ನು ನಾನೂ ಹಾಕಿಕೊಂಡು ನೋಡಿದ್ದೆನಲ್ಲ. ಕತ್ತಿನ ಹತ್ತಿರ ಒಂದು ಸೀಳಿನಷ್ಟು ಬೆಳಕು ಬರುತ್ತದೆ. ಅದರಲ್ಲಿ ಕಾಣುವುದು ನಿನ್ನ ಕಾಲು, ಪಕ್ಕದಲ್ಲಿ ನಿಂತವನ ಕಾಲು. ಅಷ್ಟೇ.

ದೊಡ್ಡ ಸಾಹೇಬರ ಮುಂದೆ ಬಂದು ಅವನು ಸರಿಯುವುದನ್ನು ನಿಲ್ಲಿಸಿದ. ಅವರ ಎಡಗಾಲನ್ನು ತೋರಿಸಿ ದುಭಾಷಿಗೆ ಏನೋ ಹೇಳಿದ. ಇವರನ್ನು ನಾಲ್ಕು ಹೆಜ್ಜೆ ನಡೆಸಿ, ನಾನು ಕೇಳಿಸಿಕೊಳ್ಳಬೇಕು ಅನ್ನುತ್ತಿದ್ದಾನೆ ಎಂದ ದುಭಾಷಿ. ಮೇಜಿನ ಮಧ್ಯದಲ್ಲಿದ್ದ ಅಧ್ಯಕ್ಷರು, ಬೂಟು ಸೈನ್ಯದ ಆಸ್ತಿ, ಒಂದೇ ಥರದ್ದು ಸಾವಿರ ಇವೆ, ಅದು ಸಾಕ್ಷ್ಯವಾಗುವುದಿಲ್ಲ, ಮುಖ ನೋಡಿ ಹೇಳಲು ಹೇಳಿ ಎಂದರು.

"ಮುಖ ಅಂತ ನಾನು ನೋಡಿದ್ದು ಒಂದೇ," ಎಂದು ದುಭಾಷಿಯ ಬಾಯಲ್ಲಿ ಉತ್ತರ ಬಂತು. "ಅವನು ನಂಗೆ ನೀರು ಕುಡಿಸ್ತಿದ್ದ."

ಉದ್ದನೆಯವನು ನನ್ನ ಕಡೆ ಕೈ ತೋರಿಸಿದ. ಸಾಕ್ಷಿಯು ಆರೋಪಿಯನ್ನು ಹಿಂದೆ ಮುಂದೆ ನೋಡದೆ ಗುರುತಿಸಿದ್ದಾನೆ ಎಂದು ಅಧ್ಯಕ್ಷರು ಹೇಳಿ ಬರೆಸಿದರು. ಟೈಪಿಸ್ಟು ಟಕಟಕನೆ ಹೊಡೆದ.

ಅಷ್ಟರಲ್ಲಿ ನಾನೊಂದು ನೋಡಿದೆ. ದೊಡ್ಡ ಸಾಹೇಬರು ಎರಡೂ ಕಾಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡರು. ಅವರ ಮುಖದಲ್ಲಿ ಏನೂ ಇಲ್ಲ, ಇಸ್ತ್ರಿ ಹಾಕಿದ ಹಾಗಿತ್ತು. ಕಾಲು ಮಾತ್ರ ಒಳಗೆ ಹೋಯಿತು. ನನಗೆ ಸಿಟ್ಟು ಬಂತು. ಅವರು ನನ್ನನ್ನು ಬೈದಿದ್ದರೂ ಅಷ್ಟು ಬರುತ್ತಿರಲಿಲ್ಲ.

ಆರೋಪಿ ಹೇಳುವುದೇನಾದರೂ ಇದೆಯೇ ಎಂದರು. ವಕೀಲರು ಕಾಗದವನ್ನು ನನ್ನ ಕೈಗಿಟ್ಟು ಕಣ್ಣು ಮಿಟುಕಿಸಿದರು. ಬಾಯಿಪಾಠ ಬರುತ್ತಿದ್ದರೂ ಕಾಗದ ನೋಡಿಯೇ ಶುರು ಮಾಡಿದೆ. ಕೈದಿಗಳಿಗೆ ಚೀಲ ಹಾಕುವ ಯೋಚನೆಯನ್ನು ನಾನು ನನ್ನ ಸ್ವಂತ. ಅಲ್ಲಿಗೆ ಬಂದು ನಾಲಿಗೆ ಹೊರಳಲಿಲ್ಲ. ಮತ್ತೆ ಶುರು ಮಾಡಿದೆ. ಮತ್ತೆ ಅಲ್ಲೇ ನಿಂತೆ. ಹಿಂದಿನ ಬೆಂಚಿನಲ್ಲಿ ಹೆಂಡತಿ ಎರಡೂ ಕೈಯಲ್ಲಿ ಸೆರಗು ಹಿಂಡುತ್ತಿದ್ದಳು. ಅವಳನ್ನು ನೋಡಿದೆ, ಕಾಗದವನ್ನು ನೋಡಿದೆ. ಮಡಿಚಿ ಕಟಕಟೆಯ ಮೇಲಿಟ್ಟೆ.

"ಇದು ನನ್ನ ಮಾತಲ್ಲ ಸಾರ್," ಎಂದೆ. "ಹೊಲಿದೋನು ನಾನು. ಕಟ್ಟಿದೋನು ನಾನು. ಅದಕ್ಕೆ ಎಷ್ಟು ವರ್ಷ ಆಗುತ್ತೋ ಹಾಕಿ. ಆದ್ರೆ ಯಾವ ದರ್ಜಿನೂ ತಾನಾಗಿ ಬಟ್ಟೆ ತರಲ್ಲ. ಹೊಲಿಸೋರು ತಂದು ಕೊಡ್ತಾರೆ. ಬಟ್ಟೆ ಕೊಟ್ಟೋರು ಯಾರು, ತೂತು ಮುಚ್ಚು ಅಂದೋರು ಯಾರು, ಅವ್ರನ್ನೂ ಇಲ್ಲಿ ನಿಲ್ಲಿಸಿ. ಅವ್ರು ಇಲ್ಲೇ ಇದಾರೆ. ಕಾಲು ಒಳಗೆ ಎಳ್ಕೊಂಡಿದಾರೆ."

"ಅದನ್ನ ಬರೀಬೇಡ," ಎಂದರು ಅಧ್ಯಕ್ಷರು.

ಟೈಪಿಸ್ಟು ನನ್ನಂಥವನೇ, ಸಣ್ಣ ಸಿಪಾಯಿ. ಬಿಸಿ ಹೆಂಚು ಮುಟ್ಟಿದವನಂತೆ ಎರಡೂ ಕೈ ಮೇಲೆತ್ತಿದ. ಉದ್ದನೆಯವನು ದುಭಾಷಿಯ ತೋಳು ಜಗ್ಗಿ, ಇವನು ಏನಂದ ಎಂದು ಕೇಳುತ್ತಿದ್ದದ್ದು ಸನ್ನೆಯಲ್ಲೇ ಗೊತ್ತಾಯಿತು. ದುಭಾಷಿ ಅಧ್ಯಕ್ಷರನ್ನು ನೋಡಿದ. ಅಗತ್ಯವಿಲ್ಲ ಎಂದರು ಅಧ್ಯಕ್ಷರು. ಆರೋಪಿಯು ಏನನ್ನೂ ಹೇಳಲು ಇಚ್ಛಿಸಲಿಲ್ಲ, ಹಾಗೆ ಬರಿ ಎಂದರು. ಮತ್ತೆ ಟಕಟಕ.

ಒಂದು ಗಂಟೆ ಬಿಟ್ಟು ತೀರ್ಪು ಓದಿದರು. ಆರು ವರ್ಷ. ಅದರ ಜೊತೆ ಒಂದು ಪುಟದಷ್ಟು ಒಳ್ಳೆಯ ಮಾತುಗಳು. ನಮ್ಮ ಸೈನ್ಯದ ಮಾನ ದೊಡ್ಡದು. ಒಬ್ಬನ ಕ್ರೌರ್ಯ ಎಲ್ಲರದಲ್ಲ. ಈ ಶಿಬಿರ ಉಳಿದೆಲ್ಲ ವಿಷಯದಲ್ಲಿ ಶಿಸ್ತಿನದಾಗಿತ್ತು, ಇಂಥದು ಮುಂದೆ ನಡೆಯದಂತೆ ನಿಯಮ ಮಾಡಲು ಒಂದು ಸಮಿತಿ ಮಾಡುತ್ತೇವೆ, ಅನುಭವಸ್ಥರಾದ ಕಾರಣ ಶಿಬಿರದ ಮುಖ್ಯಸ್ಥರೇ ಅದರ ಅಧ್ಯಕ್ಷರು. ದೊಡ್ಡ ಸಾಹೇಬರು ಎದ್ದು ನಿಂತು ತಲೆ ಬಾಗಿಸಿದರು.

ನನಗೆ ಕೋಳ ಹಾಕಿ ಹೊರಗಿನ ಪಡಸಾಲೆಗೆ ಕರೆತಂದರು. ಅಲ್ಲಿ ಅಧಿಕಾರಿಗಳಿಗೆಲ್ಲ ಟೀ ಹಂಚುತ್ತಿದ್ದರು. ಗೋಡೆಯ ಪಕ್ಕ ಉದ್ದನೆಯವನೂ ದುಭಾಷಿಯೂ ಗಾಡಿಗಾಗಿ ಕಾಯುತ್ತಿದ್ದರು. ಮನೆಯವರ ಜೊತೆ ಎರಡು ನಿಮಿಷ ಮಾತಾಡಬಹುದು ಎಂದು ಕಾವಲಿನವನು ಹೇಳಿದ.

ಹೆಂಡತಿ ನನ್ನ ಮುಖ ನೋಡಲಿಲ್ಲ. ಮೂರು ದಿನದಲ್ಲಿ ಖಾಲಿ ಮಾಡಬೇಕಂತೆ ಎಂದಳು. ಅಣ್ಣನ ಮನೆಯ ಹಿಂದೆ ಒಂದು ಶೆಡ್ಡಿದೆ, ಕೇಳಿ ನೋಡುತ್ತೇನೆ ಎಂದಳು. ಇವತ್ತು ನಿಮ್ಮ ಹತ್ತಿರ ನನಗೆ ಮಾತಿಲ್ಲ ಎಂದೂ ಅಂದಳು. ಅವಳಿಗೆ ಕೋಪ ಬಂದಿತ್ತು, ಬರಬೇಕಾದ್ದೇ. ಆರು ವರ್ಷ ಜೈಲಿನಲ್ಲಿರುವವನು ನಾನು, ಆರು ವರ್ಷ ನೀರು ಹೊರುವವಳು ಅವಳು.

ಅಮ್ಮ ಅವಳನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಅಮ್ಮನಿಗೆ ಕಿವಿ ಹೋಗಿ ಹನ್ನೆರಡು ವರ್ಷ. ಕಾರ್ಖಾನೆಯ ಇನ್ನೂರು ಮೆಷಿನ್ನುಗಳ ಸದ್ದು ಅವಳ ಕಿವಿಯನ್ನು ತಿಂದುಹಾಕಿತ್ತು. ತನಗೆ ಕೇಳಿಸದ್ದರಿಂದ ಬೇರೆ ಯಾರಿಗೂ ಕೇಳಿಸುವುದಿಲ್ಲ ಎಂದೇ ಅವಳ ಲೆಕ್ಕ.

"ಒಳಗೆ ಏನಂದ್ರೋ?" ಎಂದಳು. ಪಡಸಾಲೆಯ ಆ ತುದಿಯವರೂ ತಿರುಗಿ ನೋಡಿದರು. "ನಂಗೊಂದೂ ಕೇಳಿಸ್ಲಿಲ್ಲ."

"ಆರು ವರ್ಷ ಅಮ್ಮ."

"ಆಂ?"

"ಆರು ವರ್ಷ!"

ಅವಳು ನನ್ನ ಕೋಳ ಹಾಕಿದ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು, ಹೆಬ್ಬೆರಳಿನ ಒಡೆದ ಉಗುರನ್ನೂ ನೋಡಿದಳು.

"ಆ ಚೀಲ ನೀನೇ ಹೊಲಿದ್ಯಾ?"

"ಹೌದು."

"ಗಟ್ಟಿಯಾಗಿ ಹೇಳೋ."

"ಹೌದಮ್ಮ, ನಾನೇ ಹೊಲಿದೆ!"

"ಕಟ್ಟಿದ್ದು?"

"ಕಟ್ಟಿದ್ದೂ ನಾನೇ!"

"ಅವ್ರಿಗೆ ಉಸಿರು ಕಟ್ತಿತ್ತಾ?"

"ಕಟ್ತಿತ್ತು!"

"ನಿಂಗೆ ಅದು ಗೊತ್ತಿತ್ತಾ?"

ಬೆಳಿಗ್ಗೆಯಿಂದ ಐದು ಜನ ಅಧಿಕಾರಿಗಳು, ಇಬ್ಬರು ವಕೀಲರು ನನ್ನನ್ನು ನೂರೆಂಟು ಪ್ರಶ್ನೆ ಕೇಳಿದ್ದರು. ಇದೊಂದನ್ನು ಕೇಳಿರಲಿಲ್ಲ. ನನ್ನನ್ನು ಕೇಳಿದ್ದರೆ ಮುಂದಿನ ಸಾಲಿನವರನ್ನೂ ಕೇಳಬೇಕಾಗುತ್ತಿತ್ತು.

"ಗೊತ್ತಿತ್ತು!" ಎಂದೆ.

ಅಮ್ಮ ನನ್ನ ಕೆನ್ನೆಗೆ ಹೊಡೆದಳು. ಎಪ್ಪತ್ತು ವರ್ಷದ ಕೈ, ಆದರೂ ನನ್ನ ಕಣ್ಣಲ್ಲಿ ನೀರು ಬಂತು. ಕಾವಲಿನವನು ತಡೆಯಲಿಲ್ಲ. ಟೀ ಹಂಚುವವನು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟ.

"ಮತ್ತೆ ಮೇಲೆ ಕೂತಿದ್ರಲ್ಲ ನಿಮ್ಮ ಸಾಹೇಬ್ರು? ಅವ್ರಿಗೆ ಗೊತ್ತಿತ್ತಾ?"

ನನ್ನ ವಕೀಲರು ಧಾವಿಸಿ ಬಂದು, ಅಜ್ಜಿ ಸಾಕು, ಇಲ್ಲಿ ಇದೆಲ್ಲ ಮಾತಾಡಬಾರದು ಎಂದು ಮೆಲ್ಲನೆಯ ದನಿಯಲ್ಲಿ ಹೇಳಿದರು. ಸಭ್ಯ ಮನುಷ್ಯ, ದನಿ ಏರಿಸುವುದು ಅವರಿಗೆ ಒಗ್ಗುವುದಿಲ್ಲ. ಅಮ್ಮ ಅವರ ಕಡೆ ತಿರುಗಲೂ ಇಲ್ಲ.

"ಅವ್ರಿಗೂ ಗೊತ್ತಿತ್ತು!" ಎಂದು ಕೂಗಿದೆ. "ಮೆತ್ತಗೆ ಮಾಡಿ ಅಂದಿದ್ದೇ ಅವ್ರು! ತೂತು ಮುಚ್ಚು ಅಂದಿದ್ದೂ ಅವ್ರೇ! ಕಿಟಕಿಯಿಂದ ನೋಡ್ತಿದ್ರು!"

"ಆಂ?"

ಎಲ್ಲವನ್ನೂ ಇನ್ನೊಮ್ಮೆ ಕೂಗಿದೆ. ಪಡಸಾಲೆಯಲ್ಲಿ ಬರೆಯಬೇಡ ಎನ್ನಲು ಟೈಪಿಸ್ಟೇ ಇರಲಿಲ್ಲ. ಗೋಡೆಯ ಪಕ್ಕದಲ್ಲಿ ದುಭಾಷಿಯ ತುಟಿ ಅಲುಗುತ್ತಿತ್ತು, ಉದ್ದನೆಯವನು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಇಲ್ಲಿ ಅವನಿಗೆ ಅಗತ್ಯವಿಲ್ಲ ಎಂದು ಯಾರೂ ಹೇಳಿರಲಿಲ್ಲ.

ಅಮ್ಮ ನನ್ನ ಕೈ ಬಿಟ್ಟು ಅಧಿಕಾರಿಗಳ ಕಡೆ ತಿರುಗಿದಳು. ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ಅವಳಿಗೆ ತಿಳಿಯದು. ಎಲ್ಲರನ್ನೂ ಸೇರಿಸಿಯೇ ಕೇಳಿದಳು.

"ಹಾಗಾದ್ರೆ ನನ್ನ ಮಗನಿಗೆ ಆಗಿದ್ದು ಸರಿ. ನಿಮ್ಮದು ಯಾವಾಗ?"

ದೊಡ್ಡ ಸಾಹೇಬರು ಕಪ್ಪಿನೊಳಗೆ ನೋಡುತ್ತಿದ್ದರು. ಅಮ್ಮ ಅವರ ಬಾಯಿಗಳನ್ನೇ ಒಂದೊಂದಾಗಿ ನೋಡಿದಳು. ಉತ್ತರ ಬಂತೋ, ತನಗೇ ಕೇಳಿಸಲಿಲ್ಲವೋ ಎಂದು ಗೊತ್ತಾಗದೆ ನನ್ನ ಕಡೆ ತಿರುಗಿದಳು.

"ಏನಂದ್ರೋ?"

"ಏನೂ ಅನ್ಲಿಲ್ಲಮ್ಮ."

"ಆಂ?"

"ಏನೂ ಅನ್ಲಿಲ್ಲ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.